ಟುಟು ಹೇಳಿದ ಕ್ಷಮೆ, ದೇಶ ಅರ್ಧಕ್ಕೇ ಬಿಟ್ಟ ಕೆಲ್ಸ

2021ರ ಡಿಸೆಂಬರ್ 26ಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ತೀರಿಕೊಂಡ್ರು, 90 ವರ್ಷ ಆಗಿತ್ತು. ಆಮೇಲೆ ದಿನಾ ಮಧ್ಯಾಹ್ನ 12ಕ್ಕೆ ಸೇಂಟ್ ಜಾರ್ಜ್ ಕೆಥೆಡ್ರಲ್‌ನ ಗಂಟೆ ಹತ್ತು ನಿಮಿಷ ಹೊಡೀತಿತ್ತು, ರಾತ್ರಿ ಟೇಬಲ್ ಮೌಂಟನ್ ಮೇಲೆ ಅವ್ರ ನಿಲುವಂಗಿಯ ನೇರಳೆ ಬಣ್ಣದ ಲೈಟು. ದುಂದುವೆಚ್ಚ ಬೇಡ, ಸಿಗೋದ್ರಲ್ಲೇ ಅಗ್ಗದ ಪೆಟ್ಟಿಗೆ ತನ್ನಿ ಅಂತ ಅವ್ರೇ ಮೊದ್ಲೇ ಹೇಳಿಟ್ಟಿದ್ರು, ಹಾಗಾಗಿ ಸಾದಾ ಪೈನ್ ಮರದ ಪೆಟ್ಟಿಗೆ, ಹಿಡಿಕೆ ಇರ್ಬೇಕಾದ ಕಡೆ ಹಗ್ಗ, ಮೇಲೆ ಮನೆಯವ್ರು ಇಟ್ಟ ಕಾರ್ನೇಷನ್ ಹೂವು, ಅಷ್ಟೇ. ಜನವರಿ 1ರ ಅಂತ್ಯಕ್ರಿಯೆಗೆ ಕೋವಿಡ್ ಕಾರಣಕ್ಕೆ ಬರೀ 100 ಜನಕ್ಕೆ ಅವಕಾಶ ಇತ್ತು.

ಒಂದು ಕಡೆ ದೇಶ ಹೀಗೆ ಅಳ್ತಾ ಇದ್ದಾಗ್ಲೇ ಇನ್ನೊಂದು ಕಡೆ ಜಗಳಾನೂ ಶುರುವಾಗಿತ್ತು. ವರ್ಣಭೇದದ ಆಡಳಿತ ಮುಗಿದ 1994ರ ಆಮೇಲೆ ಹುಟ್ಟಿದ ಹುಡುಗ್ರಲ್ಲಿ ತುಂಬಾ ಜನ ಕೇಳ್ತಾ ಇದ್ದಿದ್ದು ಒಂದೇ ಪ್ರಶ್ನೆ: ಆ ಆಡಳಿತದಲ್ಲಿ ತಪ್ಪು ಮಾಡಿದವ್ರಿಗೆ ಟುಟು ಹೇಳಿದ ಈ ಕ್ಷಮೆಯಿಂದ ನಮ್ಗೇನು ಸಿಕ್ತು, ಕೊಂದವ್ರು ಹಾಯಾಗಿದಾರೆ, ಜಮೀನು ಇದ್ದವ್ರ ಹತ್ರಾನೇ ಇದೆ, ನಾವಿನ್ನೂ ತಗಡಿನ ಮನೇಲಿದೀವಿ. ಈ ಜಗಳ ಇವತ್ತಿಗೂ ನಿಂತಿಲ್ಲ. ಒಬ್ರು ಟುಟು ಸಂತ ಅಂತಾರೆ, ಇನ್ನೊಬ್ರು ಬಿಳಿಯರಿಗೆ ಸುಲಭದ ದಾರಿ ಮಾಡ್ಕೊಟ್ರು ಅಂತಾರೆ. ಅವ್ರು ನಿಜವಾಗ್ಲೂ ಏನು ಕೇಳಿದ್ರು, ಅದ್ರಲ್ಲಿ ಏನೇನು ನಡೀತು ಅನ್ನೋದನ್ನ ಮೊದ್ಲಿಂದ ನೋಡದೇ ಇದ್ರೆ ಈ ಎರಡು ಮಾತೂ ಅರ್ಥ ಆಗಲ್ಲ.

ಹಿಂದಿನ ಕಥೆ ಚಿಕ್ಕದಾಗಿ ಹೇಳ್ಬೇಕಂದ್ರೆ, 1913ರ ಕಾಯ್ದೆ ಕರಿಯರ ಜಮೀನಿನ ಹಕ್ಕು ಕಿತ್ಕೊಳ್ತು, 1948ರಲ್ಲಿ ಗೆದ್ದ ನ್ಯಾಷನಲ್ ಪಾರ್ಟಿ ವರ್ಣಭೇದವನ್ನೇ ಸರ್ಕಾರದ ನೀತಿ ಮಾಡ್ತು, 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ರು, 1976ರಲ್ಲಿ ಸೊವೆಟೊದ ಶಾಲೆ ಮಕ್ಕಳ ಮೇಲೆ ಗುಂಡು ಹಾರಿತು, 1990ರಲ್ಲಿ ಮಂಡೇಲಾ ಹೊರಗೆ ಬಂದ್ರು, 1994ರ ಏಪ್ರಿಲ್ 27ಕ್ಕೆ ಎಲ್ರೂ ವೋಟ್ ಹಾಕಿದ್ರು. ನಮ್ಮ ದೇಶಕ್ಕೂ ಇದ್ರಲ್ಲಿ ಪಾತ್ರ ಇದೆ. ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ಮೊದ್ಲು ನಿಲ್ಸಿದ್ದು ಭಾರತಾನೇ, ಅದೂ 1946ರಲ್ಲಿ, ನಮ್ಗೆ ಇನ್ನೂ ಸ್ವಾತಂತ್ರ್ಯ ಬಂದಿರ್ಲಿಲ್ಲ.

ಟುಟು ಶುರುವಲ್ಲಿ ಸ್ಕೂಲ್ ಮೇಷ್ಟ್ರು. ಕರಿಯ ಮಕ್ಕಳಿಗೆ ಕೂಲಿಗೆ ಬೇಕಾದಷ್ಟೇ ಓದು ಸಾಕು ಅನ್ನೋ ತರದ ಶಿಕ್ಷಣ ಕಾಯ್ದೆ 1953ರಲ್ಲಿ ಬಂತು, ಅದನ್ನ ಕಲಿಸೋಕೆ ಮನಸ್ಸಾಗದೇ ಕೆಲ್ಸ ಬಿಟ್ಟು ಪಾದ್ರಿ ಆದ್ರು. 1984ರಲ್ಲಿ ನೊಬೆಲ್, 1986ರಲ್ಲಿ ಕೇಪ್‌ಟೌನ್ ಆರ್ಚ್‌ಬಿಷಪ್. ಅವ್ರ ಕ್ಷಮೆ ಬಿಳಿಯರನ್ನ ಮೆಚ್ಚಿಸೋಕೆ ಅನ್ನೋವ್ರು 1985ರ ಜುಲೈನಲ್ಲಿ ಡುಡುಜಾದಲ್ಲಿ ಆಗಿದ್ದನ್ನ ಒಂದ್ಸಲ ನೋಡ್ಬೇಕು. ಒಂದು ಶವಸಂಸ್ಕಾರ ಮುಗಿದ ಹೊತ್ತಲ್ಲಿ ರೊಚ್ಚಿಗೆದ್ದ ಗುಂಪು ಒಬ್ಬನನ್ನ ಪೊಲೀಸರ ಏಜೆಂಟ್ ಅಂತ ಹಿಡ್ಕೊಂಡು ಜೀವಂತ ಸುಡೋಕೆ ಹೊರಟಿತ್ತು, ಟುಟು ಆ ಗುಂಪಿನ ಮಧ್ಯೆ ನುಗ್ಗಿ ಅವ್ನನ್ನ ಎಳ್ಕೊಂಡು ಬಂದು ಕಾರಿಗೆ ಹತ್ತಿಸಿ ಕಳಿಸಿದ್ರು. ತಮ್ಮದೇ ಜನರ ಸಿಟ್ಟಿಗೆ ಎದುರು ನಿಂತವ್ರು ಅವ್ರು. ಜೀವಕ್ಕೇ ಅಪಾಯ ಇತ್ತು.

ಈಗ ಮುಖ್ಯ ವಿಷ್ಯ, ಸತ್ಯ ಮತ್ತು ಸಾಮರಸ್ಯ ಆಯೋಗ. ವರ್ಣಭೇದ ಮುಗಿಸೋ ಮಾತುಕತೆ ನಡೀವಾಗ ಹಳೇ ವ್ಯವಸ್ಥೆಯ ಸೈನ್ಯ, ಪೊಲೀಸು ಇನ್ನೂ ಹಾಗೇ ಇತ್ತು, ಅವ್ರಿಗೆ ಬೇಕಿದ್ದಿದ್ದು ಎಲ್ರಿಗೂ ಒಟ್ಟಿಗೆ ಮಾಫಿ. ಹೋರಾಟದ ಕಡೆಯವ್ರಿಗೆ ಬೇಕಿದ್ದಿದ್ದು ವಿಚಾರಣೆ, ಶಿಕ್ಷೆ. ಮಧ್ಯದ ದಾರಿಯಾಗಿ 1995ರ ಕಾಯ್ದೆ ಬಂತು. ಮಾಫಿ ಬೇಕಂದ್ರೆ ಒಬ್ಬೊಬ್ರೂ ತಾವಾಗೇ ಅರ್ಜಿ ಹಾಕ್ಬೇಕು, ರಾಜಕೀಯ ಕಾರಣಕ್ಕೆ ಮಾಡಿದ್ದು ಅಂತ ತೋರಿಸ್ಬೇಕು, ಮಾಡಿದ್ದೆಲ್ಲಾ ಪೂರ್ತಿ ಬಾಯಿಬಿಡ್ಬೇಕು. ಪಶ್ಚಾತ್ತಾಪ ಪಡ್ಬೇಕು ಅಂತ ಎಲ್ಲೂ ಇರ್ಲಿಲ್ಲ. ಅರ್ಜಿ ಹಾಕದವ್ರ ಮೇಲೆ, ತಿರಸ್ಕಾರ ಆದವ್ರ ಮೇಲೆ ಕೇಸ್ ನಡೀಬೇಕು, ನೊಂದವ್ರಿಗೆ ಪರಿಹಾರ ಸಿಗ್ಬೇಕು. ಇಷ್ಟೂ ಸೇರಿದ್ರೇ ಆ ಒಪ್ಪಂದ. ಪೊಲೀಸ್ ಕಸ್ಟಡೀಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೋ ಅವ್ರ ಮನೆಯವ್ರು ಸೇರಿ ಕೆಲವು ಕುಟುಂಬಗಳು ಈ ಮಾಫಿನೇ ಬೇಡ ಅಂತ ಸಂವಿಧಾನ ಕೋರ್ಟಿಗೆ ಹೋಗಿ 1996ರಲ್ಲಿ ಸೋತ್ರು, ಅಂದ್ರೆ ನೊಂದವ್ರೆಲ್ಲಾ ಖುಷಿಯಿಂದ ಒಪ್ಕೊಂಡ್ರು ಅನ್ನೋದು ಸರಿಯಲ್ಲ.

1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಅನ್ನೋ ಊರಿನ ಸಿಟಿ ಹಾಲ್‌ನಲ್ಲಿ ಮೊದಲ್ನೇ ವಿಚಾರಣೆ ಶುರುವಾಯ್ತು. ಅಧ್ಯಕ್ಷತೆ ಟುಟು ಅವ್ರದ್ದು. ಅಲ್ಲಿಗೆ ಬಂದವ್ರಲ್ಲಿ ನೊಮೊಂಡೆ ಕಲಾಟಾ ಒಬ್ರು. ಅವ್ರ ಗಂಡ ಫೋರ್ಟ್ ಕಲಾಟಾ, ಕ್ರಾಡಾಕ್ ಊರಿನ ಮೇಷ್ಟ್ರು, 1985ರ ಜೂನ್ 27ರ ರಾತ್ರಿ ಮೂವರು ಸಂಗಾತಿಗಳ ಜೊತೆ ಕಾರಲ್ಲಿ ಮನೆಗೆ ವಾಪಸ್ ಬರ್ಬೇಕಿತ್ತು, ಬರ್ಲೇ ಇಲ್ಲ. ಆಗ ನೊಮೊಂಡೆ ತುಂಬು ಬಸುರಿ. ಆಮೇಲೆ ಬಂದ ಪೇಪರಿನ ಮೇಲೇ ಸುಟ್ಟುಹೋದ ಕಾರಿನ ಸುದ್ದಿ, ಅದನ್ನ ಮಗು ತೋರಿಸ್ತು ಅಂತ ಹೇಳ್ತಾ ಹೇಳ್ತಾ ತಲೆ ಹಿಂದಕ್ಕೆ ಚೆಲ್ಲಿ ಒಂದೇ ಸಲ ಗೋಳೋ ಅಂತ ಅತ್ತುಬಿಟ್ರು. ಟುಟು ಕಲಾಪ ನಿಲ್ಸಿದ್ರು. ಮತ್ತೆ ಕೂತಾಗ ಅವ್ರೇ ಒಂದು ಹಳೇ ಶೋಕದ ಹಾಡು ಎತ್ತಿಕೊಂಡ್ರು, ಇಡೀ ಹಾಲ್ ದನಿ ಸೇರಿಸ್ತು.

ಅದೇ ಮೊದಲ್ನೇ ವಿಚಾರಣೇಲೇ ಗಾಲಿಕುರ್ಚಿಲಿ ಬಂದ ಒಬ್ಬ ಮುದುಕ್ರು ತಮ್ಗೆ ಪೊಲೀಸ್ರು ಕೊಟ್ಟ ಹಿಂಸೆ ಹೇಳೋಕೆ ಹೋಗಿ ಮಾತು ಹೊರಡದೇ ಮುಖ ಮುಚ್ಕೊಂಡಾಗ ಟುಟುನೇ ಮೇಜಿನ ಮೇಲೆ ತಲೆಯಿಟ್ಟು ಅತ್ರು. ಮರುದಿನ ಎಲ್ಲಾ ಕಡೆ ಅದೇ ಫೋಟೋ. ಅದ್ರಿಂದ ಅವ್ರಿಗೆ ಬೇಜಾರಾಯ್ತು, ಗಮನ ನೊಂದವ್ರ ಮೇಲಿರ್ಬೇಕು, ನನ್ನ ಮೇಲಲ್ಲ ಅಂತ, ಆಮೇಲೆ ಅಲ್ಲಿ ಅಳಬಾರ್ದು ಅಂತ ಗಟ್ಟಿಮನಸ್ಸು ಮಾಡ್ಕೊಂಡ್ರು. ಹಾಲ್‌ನ ಪಕ್ಕದ ಗಾಜಿನ ಕೋಣೇಲಿ ಕೂತ ಅನುವಾದಕರ ಕಷ್ಟ ಇನ್ನೊಂದು. ಸಾಕ್ಷಿ ಹೇಳಿದ್ದನ್ನ ‘ಅವ್ರು ನನ್ನನ್ನ ಹೊಡೆದ್ರು’, ‘ನಾನು ಹೊಡೆದೆ’ ಅಂತ ‘ನಾನು’ ಅನ್ನೋದನ್ನ ಸೇರಿಸೇ ಹೇಳ್ಬೇಕಿತ್ತು, ದಿನವಿಡೀ ಒಂದೇ ಬಾಯಲ್ಲಿ ನೊಂದವ್ರ ಮಾತು, ಕೊಂದವ್ರ ಮಾತು ಎರಡೂ.

ಮಾಫಿ ವಿಚಾರಣೆಗಳ ರೀತಿಯೇ ಬೇರೆ. 1997ರ ಜುಲೈನಲ್ಲಿ ಕೇಪ್‌ಟೌನ್‌ನಲ್ಲಿ ಜೆಫ್ರಿ ಬೆಂಜಿನ್ ಅನ್ನೋ ಸೆಕ್ಯುರಿಟಿ ಪೊಲೀಸ್ ಅಧಿಕಾರಿ ಬಂದ. ಅವ್ನ ಕೈಲಿ ಹಿಂಸೆ ತಿಂದಿದ್ದ ಟೋನಿ ಯೆಂಗೇನಿ ಅಷ್ಟು ಹೊತ್ತಿಗೆ ಎಂಪಿ. ಒದ್ದೆ ಚೀಲದ ಹಿಂಸೆ ಹೇಗೆ ಕೊಡ್ತಿದ್ದೆ, ಮಾಡಿ ತೋರ್ಸು ಅಂದ್ರು. ಒಬ್ರು ನೆಲದ ಮೇಲೆ ಬೋರಲು ಮಲಗಿದ್ರು, ಬೆಂಜಿನ್ ಬೆನ್ನ ಮೇಲೆ ಕೂತು ತಲೆಗೆ ಬಟ್ಟೆ ಚೀಲ ಎಳೆದು ತಿರುಚಿ ತೋರಿಸ್ದ. ನೀನು ಎಂಥಾ ಮನುಷ್ಯ ಅಂತ ಯೆಂಗೇನಿ ಕೇಳಿದ್ರೆ, ಅದನ್ನೇ ನಾನೂ ಕೇಳ್ಕೊಳ್ತೀನಿ ಅಂದ. ಅವ್ನಿಗೆ ಮಾಫಿ ಸಿಕ್ತು. ಸತ್ಯ ಹೇಳಿದ್ದ, ಕಾಯ್ದೆ ಕೇಳಿದ್ದು ಅಷ್ಟೇ. ಇದನ್ನ ಟಿವಿಲಿ ನೋಡಿದ ಬಿಳಿಯರ ಮನೆಗಳಲ್ಲಿ ನಮಗೆ ಗೊತ್ತೇ ಇರ್ಲಿಲ್ಲ ಅನ್ನೋ ಮಾತು ಆಮೇಲೆ ಕಷ್ಟ ಆಯ್ತು, ನನ್ನ ಪ್ರಕಾರ ಆಯೋಗದ ದೊಡ್ಡ ಕೆಲ್ಸ ಇದೇ.

ಒಟ್ಟು 7,112 ಜನ ಮಾಫಿ ಕೇಳಿದ್ರು, ಸಿಕ್ಕಿದ್ದು 849 ಜನಕ್ಕೆ. ಎಲ್ರನ್ನೂ ಸುಮ್ನೆ ಕ್ಷಮಿಸಿಬಿಟ್ರು ಅನ್ನೋವ್ರು ಈ ಲೆಕ್ಕ ನೋಡ್ಬೇಕು. ಆದ್ರೆ ಮೇಲಿನವ್ರು ಬರ್ಲಿಲ್ಲ. ಹಳೇ ಸರ್ಕಾರದ ಮಾಜಿ ಅಧ್ಯಕ್ಷರೊಬ್ರು ಸಮನ್ಸ್ ಕೊಟ್ರೂ ಬರ್ಲಿಲ್ಲ, ಇನ್ನೊಬ್ರು ಕೋರ್ಟಿಗೆ ಹೋಗಿದ್ರಿಂದ 1998ರ ವರದೀಲಿ ಅವ್ರ ಬಗ್ಗೆ ಬರೆದಿದ್ದು ಕಪ್ಪು ಮಸಿ ಬಳ್ಕೊಂಡು ಅಚ್ಚಾಯ್ತು. ಹೋರಾಟ ಮಾಡಿ ಅಧಿಕಾರಕ್ಕೆ ಬಂದ ಪಕ್ಷ ಕೂಡ ತನ್ನ ಶಿಬಿರಗಳಲ್ಲಿ ಆದ ತಪ್ಪು ಬರ್ದಿದಾರೆ ಅಂತ ವರದಿ ತಡೆಯೋಕೆ ಕೋರ್ಟಿಗೆ ಹೋಗಿ ಸೋಲ್ತು. ಹಳೇ ದಬ್ಬಾಳಿಕೆ ಹೋಗಿ ಹೊಸ ದಬ್ಬಾಳಿಕೆ ಬರೋಕೆ ನಾನು ಹೋರಾಡಿದ್ದಲ್ಲ ಅನ್ನೋ ಅರ್ಥದಲ್ಲಿ ಟುಟು ಆಗ್ಲೇ ಹೇಳಿದ್ರು.

ಇಲ್ಲಿಂದ ಮುಂದೆ ಎಲ್ಲಾ ನಿಧಾನ ಆಗ್ತಾ ಹೋಯ್ತು. ಪ್ರತಿ ಸಂತ್ರಸ್ತರಿಗೂ ವರ್ಷಕ್ಕೆ ಸುಮಾರು 20 ಸಾವಿರ ರಾಂಡ್‌ (ಅಲ್ಲಿನ ಹಣ) ನಂತೆ 6 ವರ್ಷ ಕೊಡಿ ಅಂತ ಆಯೋಗ ಹೇಳಿತ್ತು, 2003ರಲ್ಲಿ ಘೋಷಣೆ ಆಗಿದ್ದು ಒಂದೇ ಸಲದ 30 ಸಾವಿರ ರಾಂಡ್. ವರ್ಣಭೇದದಿಂದ ಲಾಭ ಮಾಡ್ಕೊಂಡವ್ರ ಮೇಲೆ ಸಂಪತ್ತಿನ ತೆರಿಗೆ ಹಾಕೋ ಸಲಹೆ ಬಿದ್ದೋಯ್ತು. ತನಿಖೆ ಮಾಡಿ ಅಂತ ಪ್ರಾಸಿಕ್ಯೂಷನ್‌ಗೆ ಕೊಟ್ಟ ಸುಮಾರು 300 ಕೇಸ್‌ಗಳಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ್ದು ಬೆರಳೆಣಿಕೆಯಷ್ಟು. ಊರಲ್ಲಿ ರಾಜಿ ಪಂಚಾಯ್ತಿ ಮಾಡಿದಾಗ ನೊಂದವ್ನು ಕೇಸ್ ವಾಪಸ್ ತಗೊಂಡು, ಎದುರಿನವ್ನು ಕೊಡ್ಬೇಕಾದ್ದು ಕೊಡದೇ ಹೋದ್ರೆ ಹೇಗೋ ಹಾಗಾಯ್ತು ಇದು. ಮಾಫಿ ಸಿಕ್ಕವ್ರಿಗೆ ಆ ಕ್ಷಣಕ್ಕೇ ಸಿಕ್ತು, ಕ್ಷಮಿಸಿದವ್ರು ಕಾಯ್ತಾ ಕೂತ್ರು. ಟುಟು ಇದನ್ನ ಸುಮ್ನೆ ನೋಡ್ಲಿಲ್ಲ, ಮುಗಿಯದ ಕೆಲ್ಸ ಅಂತ ಕೊನೇವರೆಗೂ ಹೇಳ್ತಾನೇ ಇದ್ರು, 2011ರಲ್ಲಿ ತಮ್ಮ 80ನೇ ಹುಟ್ಟುಹಬ್ಬಕ್ಕೆ ದಲೈಲಾಮಾಗೆ ವೀಸಾ ಸಿಗದೇ ಇದ್ದಾಗ ಟಿವಿ ಮುಂದೇನೇ ಸರ್ಕಾರದ ಮೇಲೆ ರೇಗಿದ್ರು.

ಭಾರತ ಮೂಲದ ಹೋರಾಟಗಾರ ಅಹ್ಮದ್ ಟಿಮೋಲ್ ಕೇಸ್ ತಗೊಳ್ಳಿ. 1971ರಲ್ಲಿ ಜೋಹಾನ್ಸ್‌ಬರ್ಗ್‌ನ ಪೊಲೀಸ್ ಕಟ್ಟಡದ 10ನೇ ಮಹಡಿಯಿಂದ ಬಿದ್ದು ಸತ್ರು, ಆತ್ಮಹತ್ಯೆ ಅಂತ ಬರೆದ್ರು. ಮನೆಯವ್ರು ಪಟ್ಟು ಬಿಡದೇ ಇದ್ದಿದ್ದಕ್ಕೆ 2017ರಲ್ಲಿ ಮರುವಿಚಾರಣೆ ಆಗಿ ಕೊಲೆ ಅಂತ ತೀರ್ಪು ಬಂತು. ಆರೋಪ ಹೊತ್ತ ಮಾಜಿ ಪೊಲೀಸ್ 2021ರಲ್ಲಿ ವಿಚಾರಣೆಗೂ ಮೊದ್ಲೇ ಸತ್ತ.

ಫೋರ್ಟ್ ಕಲಾಟಾ ಮತ್ತು ಆ ಮೂವರು ಸಂಗಾತಿಗಳ ಕ್ರಾಡಾಕ್ ಕೊಲೆಗೆ ಮಾಫಿ ಕೇಳಿದ ಪೊಲೀಸರ ಅರ್ಜಿ 1999ರಲ್ಲೇ ತಿರಸ್ಕಾರ ಆಗಿತ್ತು, ಆದ್ರೂ ಕೇಸ್ ನಡೀಲಿಲ್ಲ, ಒಬ್ಬೊಬ್ರಾಗಿ ಅವ್ರೂ ತೀರ್ಕೊಂಡ್ರು. ಅಪ್ಪ ಸತ್ತಾಗ 3 ವರ್ಷದ ಮಗು ಆಗಿದ್ದ ಲುಖಾನ್ಯೊ ಕಲಾಟಾ ಈಗ ಪತ್ರಕರ್ತ, ಅವ್ರು ಮತ್ತು ಇನ್ನಷ್ಟು ಕುಟುಂಬಗಳು 2025ರ ಜನವರಿಯಲ್ಲಿ ಪ್ರಿಟೋರಿಯಾ ಹೈಕೋರ್ಟಿಗೆ ಹೋದ್ರು. ಅದೇ ವರ್ಷ ಕ್ರಾಡಾಕ್ ಸಾವುಗಳ ಮರುವಿಚಾರಣೆ ಜೂನ್‌ನಲ್ಲಿ, ಬಿಕೋ ಅವ್ರದ್ದು ಸೆಪ್ಟೆಂಬರ್‌ನಲ್ಲಿ ತೆರೀತು, ನಿವೃತ್ತ ನ್ಯಾಯಾಧೀಶೆ ಸಿಸಿ ಖಂಪೆಪೆ ನೇತೃತ್ವದಲ್ಲಿ ಇನ್ನೊಂದು ಆಯೋಗಾನೂ ಬಂತು. ಅದು ನೋಡ್ಬೇಕಿರೋದು 2003ರಿಂದ ಈಚೆಗೆ ಈ ಕೇಸ್‌ಗಳು ಮುಂದೆ ಹೋಗದ ಹಾಗೆ ಯಾರಾದ್ರೂ ತಡೆದ್ರಾ ಅನ್ನೋದನ್ನ. ಕ್ರಾಡಾಕ್ ಕೇಸ್‌ನ ಆ ಪೊಲೀಸ್ರಲ್ಲಿ ಜೈಲಿಗೆ ಹೋಗೋಕೆ ಇವತ್ತು ಯಾರೂ ಉಳಿದಿಲ್ಲ, ಇನ್ನು ಹೈಕೋರ್ಟಿಗೆ ಹೋದ ಆ ಮನೆಗಳವ್ರು ಕೇಳ್ತಿರೋದು ಸತ್ಯ ಮತ್ತು ಸರ್ಕಾರದಿಂದ 16.7 ಕೋಟಿ ರಾಂಡ್ ಪರಿಹಾರ, ಆ ದುಡ್ಡೂ ಉಳಿದ ಕೇಸ್‌ಗಳ ತನಿಖೆಗೆ, ಸತ್ತವ್ರ ಸ್ಮಾರಕಗಳಿಗೆ ಹೋಗ್ಬೇಕು ಅಂತ.