ಖಾಲಿ ನಿವೇಶನದಲ್ಲಿ ಹಾರೆ, ಕುಂಚ: ನಗರದ ಮಕ್ಕಳಿಗೆ ತೋಟ ಮತ್ತು ಕಲೆ ಕಲಿಸುವ ಕೆಲಸ ನಡೆದುಬಂದ ದಾರಿ

ನಗರದ ಮಕ್ಕಳಿಗೆ ತೋಟದ ಕೆಲಸ ಕಲಿಸುವ ಯೋಜನೆಗಳು ಕಳೆದ ನೂರೈವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಹುಟ್ಟಿವೆ, ಮತ್ತೆ ಮತ್ತೆ ಕಣ್ಮರೆಯಾಗಿವೆ. ಯುದ್ಧ ಬಂದಾಗ, ಬೀದಿಗಳು ಪಾಳುಬಿದ್ದಾಗ ಎಲ್ಲರಿಗೂ ಮಕ್ಕಳ ತೋಟದ ನೆನಪಾಗುತ್ತದೆ. ಸಂಕಟ ಕಳೆದ ಮೇಲೆ ಮಡಿಗಳಲ್ಲಿ ಕಳೆ ಬೆಳೆಯುತ್ತದೆ. ಜಾಗದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಬೀಜ, ಹಲಗೆ, ಬಣ್ಣಕ್ಕೆ ಹಣ ಹೇಗೋ ಹೊಂದುತ್ತದೆ; ಕಲಿಸುವವರಿಗೆ ವರ್ಷವಿಡೀ ಸಂಬಳ ಕೊಡಲು ಮಾತ್ರ ಯಾರೂ ಮುಂದೆ ಬರುವುದಿಲ್ಲ.

ಮೊದಲಿಗೆ ಕಲೆ ಮತ್ತು ತೋಟ ಬೇರೆ ಬೇರೆ ಪಾಠಗಳಾಗಿರಲಿಲ್ಲ. ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಆರಂಭಿಸಿದ, 1840ರಿಂದ ಕಿಂಡರ್‌ಗಾರ್ಟನ್ ಎನಿಸಿಕೊಂಡ ಶಾಲೆಯಲ್ಲಿ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನಲ್ಲಿ ರೂಪ ಕೊಡುವುದರ ಜೊತೆಗೇ ಗಿಡ ಬೆಳೆಸುವುದೂ ಇತ್ತು. ಪ್ರತಿ ಮಗುವಿಗೂ ಒಂದು ಪುಟ್ಟ ಮಡಿ, ಅದರ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಮಡಿಗಳು ಎಂಬುದು ಅವನ ಕಲ್ಪನೆ. ಈ ಜೋಡಣೆ ಇಂದಿಗೂ ಹಳತಾಗಿಲ್ಲ. ಬರೀ ಸ್ವಂತ ಮಡಿಗಳಿದ್ದರೆ ಓಡಾಡುವ ಹಾದಿ, ಬೇಲಿ, ಗೊಬ್ಬರದ ಗುಂಡಿ ಯಾರಿಗೂ ಸೇರುವುದಿಲ್ಲ. ಬರೀ ಸಾಮೂಹಿಕವಾದರೆ ಚುರುಕಾದ ನಾಲ್ಕು ಮಕ್ಕಳು ಅಗೆಯುತ್ತಾರೆ, ಉಳಿದವರು ನಿಂತು ನೋಡುತ್ತಾರೆ.

ಆಸ್ಟ್ರಿಯಾದ 1869ರ ಶಾಲಾ ಕಾನೂನು ಸಾಧ್ಯವಿರುವಲ್ಲೆಲ್ಲ ಹಳ್ಳಿಶಾಲೆಗಳಿಗೆ ತೋಟವಿರಬೇಕೆಂದಿತು. ಯುರೋಪಿನ ಇಂಥ ತೋಟಗಳ ಪ್ರೇರಣೆಯಿಂದ ಹೆನ್ರಿ ಲಿಂಕನ್ ಕ್ಲ್ಯಾಪ್ 1891ರಲ್ಲಿ ಬಾಸ್ಟನ್ ನಗರದ ರಾಕ್ಸ್‌ಬರಿಯ ಶಾಲೆಯಲ್ಲಿ ತೋಟ ಮಾಡಿದರು. 1902ರಲ್ಲಿ ಫ್ಯಾನಿ ಪಾರ್ಸನ್ಸ್ ನ್ಯೂಯಾರ್ಕಿನ ಡೆವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಮಕ್ಕಳ ಹೊಲ ತೆರೆದರು. ತರಕಾರಿ ಅವರಿಗೆ ನೆಪವಷ್ಟೇ; ಇನ್ನೊಬ್ಬರ ಬೆಳೆಯನ್ನು ಗೌರವಿಸುವ ನಾಗರಿಕರನ್ನು ಬೆಳೆಸುವುದು ಗುರಿ. ಇತ್ತ ಕಲೆ ತನ್ನದೇ ದಾರಿ ಹಿಡಿದಿತ್ತು. ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳ ಕಲಾ ತರಗತಿ ಆರಂಭಿಸಿ, ಮಕ್ಕಳ ಚಿತ್ರವನ್ನು ದೊಡ್ಡವರ ಅಳತೆಗೋಲಿನಲ್ಲಿ ತಿದ್ದುವುದನ್ನು ಬಿಡಿ ಎಂದ. ಎರಡೂ ಒಳ್ಳೆಯ ಬೆಳವಣಿಗೆಗಳೇ. ಆದರೆ ವೇಳಾಪಟ್ಟಿಯಲ್ಲಿ ಚಿತ್ರಕ್ಕೊಂದು ಪೀರಿಯಡ್, ತೋಟಕ್ಕೊಂದು ಪೀರಿಯಡ್ ಆದಾಗ ಎರಡೂ ಸೊರಗಿದವು. ನಲವತ್ತು ನಿಮಿಷದಲ್ಲಿ ಹಾರೆ ಹಂಚಿ, ಅಗೆದು, ನೀರು ಹಾಕಿ, ಕೈಕಾಲು ತೊಳೆದು ತರಗತಿಗೆ ಮರಳಲು ಆಗುವುದೇ ಇಲ್ಲ. ಕನಿಷ್ಠ ಒಂದೂವರೆ ಗಂಟೆ ಬೇಕು.

ಮೊದಲ ಮಹಾಯುದ್ಧ ಶಾಲಾ ತೋಟಗಳನ್ನು ಆಹಾರ ಉತ್ಪಾದನೆಗೆ ಹಚ್ಚಿತು. ಅಮೆರಿಕದ ಶಿಕ್ಷಣ ಬ್ಯೂರೋ ಯುದ್ಧದ ನಿಧಿಯಿಂದ ಶಾಲಾ ತೋಟ ಸೇನೆಯನ್ನೇ ಕಟ್ಟಿತು. ಮಕ್ಕಳಿಗೆ ದರ್ಜೆ, ಬಿಲ್ಲೆ ಎಲ್ಲ ಇದ್ದವು. ಯುದ್ಧ ಮುಗಿದು ಹಣ ನಿಂತಿತು, ಸೇನೆಯೂ ಕರಗಿತು.

ಬಿಟ್ಟುಹೋಗಿದ್ದ ಎಳೆಗಳು ಮತ್ತೆ ಕೂಡಿದ್ದು ಶಾಲೆಯ ಹೊರಗೆ. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ನ್ಯೂಯಾರ್ಕಿನ ಬೌರಿ–ಹೌಸ್ಟನ್ ಬೀದಿಗಳ ಮೂಲೆಯ ಕಸ ತುಂಬಿದ ನಿವೇಶನವನ್ನು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು. ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗೀಚಾಟ ತಡೆಯುವ ಕಾರ್ಯಕ್ರಮಕ್ಕೆ ಸೇರಿದ ಜೇನ್ ಗೋಲ್ಡನ್, ಗೀಚುವ ಹುಡುಗರನ್ನೇ ಭಿತ್ತಿಚಿತ್ರಕ್ಕೆ ಹಚ್ಚಿದರು. ಅದೇ ನಗರದ ಉತ್ತರ ಭಾಗದಲ್ಲಿ 1986ರಲ್ಲಿ ಕಲಾವಿದೆ ಲಿಲಿ ಯೆ ಒಂದು ಪಾಳು ನಿವೇಶನದಲ್ಲಿ ಬಡಾವಣೆಯ ಮಕ್ಕಳು, ದೊಡ್ಡವರೊಂದಿಗೆ ಮೊಸಾಯಿಕ್ ಗೋಡೆ, ಶಿಲ್ಪ, ಗಿಡಗಳ ಉದ್ಯಾನ ಕಟ್ಟತೊಡಗಿದರು. ಫ್ರೋಬೆಲ್ ನಂತರದ ನೂರೈವತ್ತು ವರ್ಷಗಳಲ್ಲಿ ಅತ್ಯಂತ ಮಹತ್ವದ ತಿರುವು ಇದೇ ಎಂಬುದು ನಮ್ಮ ಅಭಿಪ್ರಾಯ. ಸಸಿ ನೆಡುವುದಕ್ಕೂ ಗೋಡೆಗೆ ಬಣ್ಣ ಹಚ್ಚುವುದಕ್ಕೂ ಅಲ್ಲಿ ಒಂದೇ ಉದ್ದೇಶವಿತ್ತು: ಆ ಜಾಗವನ್ನು ಮತ್ತೆ ಜನರದ್ದಾಗಿಸುವುದು.

ಆದರೆ ಪಾಳು ನಿವೇಶನ ಫ್ರೋಬೆಲ್‌ಗೆ ಗೊತ್ತಿರದ ಒಂದು ಅಪಾಯವನ್ನು ತಂದಿತು: ಮಣ್ಣಿನಲ್ಲಿ ಸೀಸ. ಕೆಡವಿದ ಮನೆಗಳ ಹಳೆಯ ಬಣ್ಣ, ಸೀಸಭರಿತ ಪೆಟ್ರೋಲಿನ ಹೊಗೆ, ಎರಡೂ ಮಣ್ಣಿನ ಮೇಲ್ಪದರದಲ್ಲೇ ಕೂರುತ್ತವೆ. ಸೀಸ ಕೊಳೆಯುವುದಿಲ್ಲ, ಮಳೆನೀರಿನಲ್ಲಿ ಸುಲಭವಾಗಿ ಇಳಿದುಹೋಗುವುದೂ ಇಲ್ಲ. ಅಮೆರಿಕ ಮನೆಬಣ್ಣದಲ್ಲಿ ಅದನ್ನು 1978ರಲ್ಲಿ ನಿಷೇಧಿಸಿದರೂ ಅಲ್ಲಿನ ಹಳೆಯ ಬಡಾವಣೆಗಳ ನೆಲದಲ್ಲಿ ಅದು ಇಂದಿಗೂ ಇದೆ. ವಸತಿ ಪ್ರದೇಶದ ಮಣ್ಣಿಗೆ ಅಲ್ಲಿನ ಪರಿಸರ ಸಂಸ್ಥೆ ಇಟ್ಟಿದ್ದ ಎಚ್ಚರಿಕೆಯ ಮಟ್ಟ ಕಿಲೋಗೆ 400 ಮಿಲಿಗ್ರಾಂ; 2024ರಲ್ಲಿ ಅದನ್ನು 200ಕ್ಕೆ ಇಳಿಸಲಾಯಿತು.

ಹಾಗಾಗಿ ಮೊದಲ ಪಾಠ ಬಿತ್ತನೆಯದಲ್ಲ, ಮಣ್ಣು ಪರೀಕ್ಷೆಯದು. ನಿವೇಶನದ ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ ಒಂದು ಮಾದರಿ ಮಾಡಬೇಕು. ಹಳೆಯ ಗೋಡೆಯ ಬುಡದ ಮಣ್ಣನ್ನು ಇದಕ್ಕೆ ಬೆರೆಸದೆ ಪ್ರತ್ಯೇಕ ಮಾದರಿಯಾಗಿ ಕಳಿಸಬೇಕು. ಬಣ್ಣದ ಪುಡಿ ಉದುರಿರುವುದು ಅಲ್ಲೇ, ಬೆರೆಸಿದರೆ ಅದು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಬೇರಿನ ಮೂಲಕ ಕಾಯಿಗೆ ಸೇರುವ ಸೀಸ ತೀರ ಕಡಿಮೆ. ನಿಜವಾದ ಅಪಾಯ ಇರುವುದು ಸೊಪ್ಪು, ಗೆಡ್ಡೆಗಳಿಗೆ ಅಂಟಿದ ಮಣ್ಣು ಮತ್ತು ಮಕ್ಕಳ ಕೈಯ ಧೂಳಿನಲ್ಲಿ. ಅದಕ್ಕೇ ಎತ್ತರಿಸಿದ ಮಡಿಯಷ್ಟೇ ಸಾಲದು, ಹಾದಿಗೂ ಮರದ ಚಕ್ಕೆ ಹಾಸಬೇಕು.

ಮಡಿಯ ಅಗಲ ಮಕ್ಕಳಿಗಾದರೆ 90 ಸೆಂ.ಮೀ. ದಾಟಬಾರದು, ದಾಟಿದರೆ ಕೈ ಎಟುಕದೆ ಒಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. 2.4 ಮೀಟರ್ ಉದ್ದ, 30 ಸೆಂ.ಮೀ. ಎತ್ತರದ ಅಂಥ ಒಂದು ಮಡಿಗೆ ಸುಮಾರು 650 ಲೀಟರ್ ಮಣ್ಣು ಹಿಡಿಯುತ್ತದೆ. ಎರಡು ಪಾಲು ಶುದ್ಧ ಮೇಲ್ಮಣ್ಣಿಗೆ ಒಂದು ಪಾಲು ಕಾಂಪೋಸ್ಟ್ ಸಾಕು. ಅಡಿಯಲ್ಲಿ ನೀರು ಇಳಿಯುವ ನೇಯ್ದ ಬಟ್ಟೆ ಹಾಸಬೇಕು. ಪ್ಲಾಸ್ಟಿಕ್ ಹಾಳೆ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಅರೆಬೆಂದ ಕಾಂಪೋಸ್ಟ್ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಎಲೆ ಹಳದಿಯಾಗಿಸುತ್ತದೆ. ಮಕ್ಕಳು ಅದನ್ನು ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಸುರಿಯುತ್ತಾರೆ. ಮೊದಲ ಬೆಳೆಯಾಗಿ ಇಪ್ಪತ್ತೈದು–ಮೂವತ್ತು ದಿನಕ್ಕೆ ಕೈಗೆ ಬರುವ ಸಣ್ಣ ಮೂಲಂಗಿ ಇರಲಿ. ಟೊಮೆಟೊದಿಂದ ಶುರು ಮಾಡಿದರೆ ಹಣ್ಣು ಕಾಣುವ ಮೊದಲೇ ಉತ್ಸಾಹ ಆರಿರುತ್ತದೆ.

ಗೋಡೆಯ ಕೆಲಸಕ್ಕೂ ಇಷ್ಟೇ ತಯಾರಿ ಬೇಕು. ಗೋಡೆಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಒಳಬದಿಗೆ ಹನಿ ಕಟ್ಟಿದರೆ ಗೋಡೆ ತೇವವಾಗಿದೆ, ಬಣ್ಣ ಸಿಪ್ಪೆಯೇಳುತ್ತದೆ. ಹೊಸ ಗಾರೆಯಾದರೆ 28 ದಿನ ಕಾಯಬೇಕು. ಅಟ್ಟಣಿಗೆ ಹತ್ತಲಾಗದ ಚಿಕ್ಕವರಿಗೆ ಫಿಲಡೆಲ್ಫಿಯಾದಲ್ಲಿ ಬಳಸುವ ವಿಧಾನವಿದೆ: ಚಿತ್ರವನ್ನು ಸುಮಾರು ಐದಡಿ ಚೌಕಗಳಾಗಿ ಭಾಗಿಸಿ, ಸಂಖ್ಯೆ ಹಾಕಿ, ತೆಳು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಒಳಗೆ ಕೂತು ಬಣ್ಣ ತುಂಬುತ್ತಾರೆ, ಆಮೇಲೆ ದೊಡ್ಡವರು ಅಕ್ರಿಲಿಕ್ ಜೆಲ್‌ನಿಂದ ಗೋಡೆಗೆ ಅಂಟಿಸುತ್ತಾರೆ.

ತೋಟ ಮತ್ತು ಕಲೆಯನ್ನು ಒಂದೇ ಪಾಠದಲ್ಲಿ ಬೆಸೆಯಲು ಬಣ್ಣದ ಗಿಡಗಳಷ್ಟು ನೆರವಾಗುವುದು ಇನ್ನೊಂದಿಲ್ಲ. 100 ಗ್ರಾಂ ಉಣ್ಣೆಗೆ 15 ಗ್ರಾಂ ಪಟಿಕ ಹಾಕಿ ಒಂದು ಗಂಟೆ ಬಿಸಿನೀರಿನಲ್ಲಿಟ್ಟು, ಅಷ್ಟೇ ತೂಕದ ಒಣ ಚೆಂಡುಹೂವಿನ ರಸದಲ್ಲಿ ಅದ್ದಿದರೆ ಒಳ್ಳೆಯ ಹಳದಿ ಬರುತ್ತದೆ. ನೀರು ಕುದಿದರೆ ಬಣ್ಣ ಕಂದುತ್ತದೆ. ಹತ್ತಿಬಟ್ಟೆ ಪಟಿಕವನ್ನು ಚೆನ್ನಾಗಿ ಹಿಡಿಯದು. ಅಳಲೆಕಾಯಿಯಂಥ ಒಗರಿನಲ್ಲಿ ಮೊದಲು ನೆನೆಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಜಾಗ ಕೈತಪ್ಪಬಹುದು. 1999ರಲ್ಲಿ ನ್ಯೂಯಾರ್ಕ್ ಆಡಳಿತ ನೂರಕ್ಕೂ ಹೆಚ್ಚು ಸಮುದಾಯ ತೋಟಗಳನ್ನು ಹರಾಜಿಗಿಟ್ಟಿತು. ಎರಡು ಸಂಸ್ಥೆಗಳು ಕೊಂಡುಕೊಂಡದ್ದರಿಂದ ಅವು ಉಳಿದವು. ಕರಾರು ಬರೆಯುವಾಗ ಕನಿಷ್ಠ ಐದು ವರ್ಷದ ಅವಧಿ ಕೇಳಿ. ನೀರಿನ ಬಿಲ್ ಯಾರದ್ದು, ತೆರವಿಗೆ ಎಷ್ಟು ತಿಂಗಳ ಮುನ್ಸೂಚನೆ ಎಂಬುದನ್ನು ಬರಹದಲ್ಲೇ ಪಡೆಯಿರಿ. ಸಿಗದಿದ್ದರೆ ಚಿತ್ರವನ್ನು ಗೋಡೆಯ ಬದಲು ಬಿಚ್ಚಿ ಒಯ್ಯಬಹುದಾದ ಹಲಗೆಗಳ ಮೇಲೆ ಮಾಡಿ, ಮಡಿಗಳನ್ನು ಮೊಳೆಯ ಬದಲು ಬೋಲ್ಟಿನಿಂದ ಜೋಡಿಸಿ. ಶಾಲೆಗೆ ರಜೆ ಬರುವುದು ಗಿಡಗಳಿಗೆ ನೀರು ಬೇಕೇಬೇಕಾದ ತಿಂಗಳುಗಳಲ್ಲಾದರೆ, ಆ ತಿಂಗಳುಗಳ ಸಂಬಳವನ್ನು ಶಿಕ್ಷಕರ ಹೆಸರಿನಲ್ಲೇ ಬಜೆಟ್ಟಿನಲ್ಲಿ ಸೇರಿಸಿ. ಸ್ವಯಂಸೇವಕರ ನೀರಿನ ಸರದಿಪಟ್ಟಿ ಅದಕ್ಕೆ ಪೂರಕವಾಗಿರಲಿ, ಬದಲಿಯಾಗುವುದು ಬೇಡ.