ಎರಡು ಮಾತ್ರೆ ಸೇರಿ ಸ್ನಾಯು ಸಾಯುವುದು: ಎಚ್ಚರಿಕೆ ತಡವಾಗಿ ಬಂದ ಕತೆ

2001ರ ಆಗಸ್ಟ್ 8ರಂದು ಬೇಯರ್ ಕಂಪನಿ ಅಮೆರಿಕದ ಮಾರುಕಟ್ಟೆಯಿಂದ ಸೆರಿವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಆ ಒಂದು ದೇಶದಲ್ಲೇ 31 ಸಾವು ವರದಿಯಾಗಿದ್ದವು. ಅವರಲ್ಲಿ 12 ಮಂದಿ ಇನ್ನೊಂದು ಮಾತ್ರೆಯನ್ನೂ ನುಂಗುತ್ತಿದ್ದರು: ಜೆಮ್‌ಫೈಬ್ರೋಜಿಲ್. ಅದೂ ರಕ್ತದ ಕೊಬ್ಬು ಇಳಿಸುವ ಮಾತ್ರೆಯೇ, ಅದನ್ನೂ ವೈದ್ಯರೇ ಬರೆದುಕೊಡುವುದು.

ಸಾವಿಗೆ ಕಾರಣ ರಾಬ್ಡೋಮಯೋಲಿಸಿಸ್. ಅಂದರೆ ಸ್ನಾಯುವಿನ ಜೀವಕೋಶಗಳು ಒಡೆದು, ಒಳಗಿದ್ದದ್ದೆಲ್ಲ ರಕ್ತಕ್ಕೆ ಸೋರುವುದು. ಹಾಗೆ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನು ಕಿಡ್ನಿಯನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ವೈದ್ಯರಿಗೆ ಇದು ಹೊಸದೇನಲ್ಲ. 1941ರಲ್ಲೇ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಲಂಡನ್ನಿನ ಬಾಂಬ್ ದಾಳಿಯಲ್ಲಿ ಅವಶೇಷಗಳಡಿ ಸಿಕ್ಕಿಕೊಂಡಿದ್ದವರಲ್ಲಿ ಇದನ್ನು ಕಂಡು ಬರೆದಿದ್ದರು. ಕಲ್ಲುಗೋಡೆ ಬಿದ್ದು ಆಗುವ ಹಾನಿ ಮಾತ್ರೆಯಿಂದಲೂ ಆಗಬಹುದು ಎಂದು ಗೊತ್ತಾಗಿದ್ದು ಮಾತ್ರ ಆಮೇಲೆ.

ಸೆರಿವಾಸ್ಟಾಟಿನ್ ಸೇರಿರುವ ಕೊಲೆಸ್ಟ್ರಾಲ್ ಔಷಧಗಳ ಗುಂಪಿಗೆ ಸ್ಟಾಟಿನ್ ಎಂದು ಹೆಸರು. ಮೊದಲ ಸ್ಟಾಟಿನ್ ಆದ ಲೋವಾಸ್ಟಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಹೆಚ್ಚು ದಿನ ಕಳೆಯುವ ಮೊದಲೇ ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಸ್ನಾಯು ಒಡೆದ ವರದಿಗಳು ಬಂದವು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲಿ ಎಂದು ಅವರು ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುತ್ತಿದ್ದರು. ಅದರ ಜೊತೆಗೆ ಸ್ಟಾಟಿನ್ ಸೇರಿತ್ತು.

ಒಳಗೆ ನಡೆಯುವುದು ಇಷ್ಟು. ಲೋವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗಳನ್ನು ಒಡೆದು ಹೊರಹಾಕುವ ಕೆಲಸ ಬಹುಪಾಲು ಸಿವೈಪಿ3ಎ4 ಎಂಬ ಕಿಣ್ವದ್ದು. ಅದು ಕರುಳಿನಲ್ಲೂ ಯಕೃತ್ತಿನಲ್ಲೂ ಇರುತ್ತದೆ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಅಥವಾ ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧ ಆ ಕಿಣ್ವವನ್ನು ತಡೆಹಿಡಿಯುತ್ತದೆ. ಆಗ ಸ್ಟಾಟಿನ್ ಹೊರಹೋಗದೆ ರಕ್ತದಲ್ಲೇ ಏರುತ್ತಾ ಹೋಗುತ್ತದೆ. ಇಟ್ರಾಕೊನಜೋಲ್ ಜೊತೆ ಸಿಮ್ವಾಸ್ಟಾಟಿನ್ ಪ್ರಮಾಣ 10 ಪಟ್ಟಿಗೂ ಜಾಸ್ತಿ ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ. ರೋಗಿ ನುಂಗಿದ್ದು ಒಂದೇ ಮಾತ್ರೆ, ಆದರೆ ದೇಹಕ್ಕೆ ಅದು ಹತ್ತು ಮಾತ್ರೆ ನುಂಗಿದಂತೆ.

1998ರಲ್ಲಿ ಮಿಬೆಫ್ರಾಡಿಲ್ ಎಂಬ ಬಿಪಿ ಮಾತ್ರೆ ಇಂಥ ಕಾರಣಕ್ಕೇ ಮಾರುಕಟ್ಟೆಯಿಂದ ಹೋಯಿತು. ಒಂದು ವರ್ಷದ ಆಸುಪಾಸಿನಲ್ಲೇ ಅದು ಹಲವು ಔಷಧಗಳ ಜೊತೆ ಜಗಳಕ್ಕೆ ಬಿದ್ದಿತ್ತು, ಸ್ಟಾಟಿನ್‌ಗಳ ಜೊತೆಗೂ. ಅಷ್ಟು ಪಾಠ ಸಾಕಿತ್ತು, ಅಲ್ವಾ?

ಸಾಕಾಗಲಿಲ್ಲ. ಜೆಮ್‌ಫೈಬ್ರೋಜಿಲ್ ಬೇರೆಯೇ ದಾರಿ ಹಿಡಿಯುತ್ತದೆ. ಅದು ತಡೆಯುವುದು ಸಿವೈಪಿ2ಸಿ8 ಎಂಬ ಇನ್ನೊಂದು ಕಿಣ್ವವನ್ನು, ಜೊತೆಗೆ ಸ್ಟಾಟಿನ್ ಯಕೃತ್ತಿನೊಳಗೆ ಹೋಗುವ ದಾರಿಯನ್ನೂ. ಸೆರಿವಾಸ್ಟಾಟಿನ್‌ಗೆ ಇವೆರಡೂ ಬೇಕು. ಈ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಡಬಾರದು ಎಂದು 1999ರ ಕೊನೆಯಲ್ಲಿ ಅಮೆರಿಕದ ಔಷಧ ಮಾಹಿತಿ ಪತ್ರದಲ್ಲಿ ಸೇರಿಸಿದ್ದರು. ಆದರೂ ವೈದ್ಯರು ಬರೆಯುತ್ತಲೇ ಇದ್ದರು, ರೋಗಿಗಳು ನುಂಗುತ್ತಲೇ ಇದ್ದರು. ನನಗೆ ಈ ಇಡೀ ಕತೆಯಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ. ವಿಷಯ ಗೊತ್ತಿತ್ತು, ಅಚ್ಚಾಗಿತ್ತು, ಆದರೆ ಚೀಟಿ ಬರೆಯುವ ಮೇಜಿಗೆ ತಲುಪಲಿಲ್ಲ.

2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಮ್ವಾಸ್ಟಾಟಿನ್‌ಗೂ ಕಡಿವಾಣ ಹಾಕಿತು. 80 ಮಿಲಿಗ್ರಾಂ ಡೋಸನ್ನು ಹೊಸಬರಿಗೆ ಶುರು ಮಾಡಬಾರದು, ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಜೊತೆಗಿದ್ದರೆ 20 ಮಿಲಿಗ್ರಾಂ ದಾಟಬಾರದು ಎಂದಿತು. ಸ್ಟಾಟಿನ್ ಮಾತ್ರವಲ್ಲ, ಗೌಟ್ ಎಂಬ ಕೀಲುನೋವಿಗೆ ಕೊಡುವ ಕೊಲ್ಚಿಸಿನ್ ಕೂಡ ಕ್ಲಾರಿಥ್ರೋಮೈಸಿನ್ ಜೊತೆ ಸೇರಿದರೆ ಸ್ನಾಯುವಿಗೆ ಕಂಟಕ.

ಸ್ಟಾಟಿನ್ ಮಾತ್ರ ತೆಗೆದುಕೊಳ್ಳುವವರಲ್ಲಿ ರಾಬ್ಡೋಮಯೋಲಿಸಿಸ್ ತೀರಾ ಅಪರೂಪ. ಹೆದರಿ ಸುಮ್ನೆ ಮಾತ್ರೆ ನಿಲ್ಲಿಸಿದರೆ ಹೃದಯಾಘಾತದ ಅಪಾಯವೇ ದೊಡ್ಡದು. ಹೊಸ ಔಷಧ ಸೇರುವಾಗಲೇ ಕಣ್ಣಿಡಬೇಕು. ತೊಡೆ, ಭುಜ, ಸೊಂಟದಲ್ಲಿ ಕಾರಣವಿಲ್ಲದ ನೋವು, ಎದ್ದು ನಿಲ್ಲಲಾಗದ ನಿಶ್ಶಕ್ತಿ, ಕಡು ಕಂದು ಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಸಿಕೆ ಎಂಬ ಕಿಣ್ವವನ್ನು ಅಳೆದರೆ ಸ್ನಾಯು ಎಷ್ಟು ಒಡೆದಿದೆ ಎಂಬ ಅಂದಾಜು ಸಿಗುತ್ತದೆ. ಬೇಗ ಸಲೈನ್ ಏರಿಸಿದರೆ ಕಿಡ್ನಿ ಉಳಿಯುವ ಸಾಧ್ಯತೆ ಹೆಚ್ಚು. ಇನ್ನು ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಆಂಟಿಬಯೋಟಿಕ್ ಬೇಕಾದರೆ, ವೈದ್ಯರು ಕ್ಲಾರಿಥ್ರೋಮೈಸಿನ್ ಬದಲು ಅಜಿಥ್ರೋಮೈಸಿನ್ ಕೊಡಬಹುದು, ಇಲ್ಲವೇ ಅಷ್ಟು ದಿನ ಸ್ಟಾಟಿನ್ ನಿಲ್ಲಿಸಲು ಹೇಳಬಹುದು. ಅದಕ್ಕೆ ಅವರ ಕೈಯಲ್ಲಿ ರೋಗಿ ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿ ಇರಬೇಕು, ಬೇರೆ ವೈದ್ಯರು ಬರೆದದ್ದೂ ಸೇರಿ.