ಹಾರಿಸುವುದು ಸುಲಭ, ಇಳಿಸುವುದೇ ಕಷ್ಟ

ಸಿನಿಮಾದಲ್ಲಿ ಹಾರುವ ಹೀರೋನ ಸೊಂಟಕ್ಕೆ ಬಹುಮಟ್ಟಿಗೆ ಹಗ್ಗ ಕಟ್ಟಿರುತ್ತಾರೆ. ಅದು ನಮಗೆ ಕಾಣುವುದಿಲ್ಲ, ಯಾಕೆಂದರೆ ಯಾರೋ ಕೂತು ಅಳಿಸಿರುತ್ತಾರೆ. ಸೆಕೆಂಡಿಗೆ 24 ಫ್ರೇಮ್. ನಾಲ್ಕು ಸೆಕೆಂಡಿನ ಒಂದು ಹಾರಾಟಕ್ಕೆ 96 ಚಿತ್ರ. ಪ್ರತಿಯೊಂದರಲ್ಲೂ ಹಗ್ಗ ಅಳಿಸಬೇಕು, ಹಗ್ಗದ ಹಿಂದೆ ಇರಬೇಕಾಗಿದ್ದ ಗೋಡೆ, ಮೋಡ, ಕಿಟಕಿಯನ್ನು ತುಂಬಿಸಬೇಕು. ಹೀರೋನ ಅಂಚನ್ನು ಗೆರೆ ಎಳೆದು ಬಿಡಿಸುವುದಕ್ಕೆ ರೋಟೋ ಅನ್ನುತ್ತಾರೆ, ಅಳಿಸಿ ತುಂಬುವುದಕ್ಕೆ ಪೇಂಟ್. ಹಾಲಿವುಡ್ ಸಿನಿಮಾಗಳ ಈ ಕೆಲಸ ತುಂಬಾ ಮಟ್ಟಿಗೆ ಭಾರತದಲ್ಲೇ ನಡೆಯುತ್ತದೆ. ಮುಂಬಯಿಯ ಪ್ರೈಮ್ ಫೋಕಸ್ 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಜೊತೆ ಸೇರಿಕೊಂಡ ಮೇಲಂತೂ ದೊಡ್ಡ ದೊಡ್ಡ ಸೂಪರ್‌ಹೀರೋಗಳ ಹಗ್ಗಗಳು ನಮ್ಮೂರಿನ ಕಂಪ್ಯೂಟರಿಗೆ ಬಂದು ಬೀಳುತ್ತಿವೆ.

ಮುಂಬಯಿಯ ಮಲಾಡ್ ಕಡೆ ಒಂದು ಸ್ಟುಡಿಯೋದಲ್ಲಿ ನನಗೆ ಪರಿಚಯದ ಕುಂದಾಪುರದ ಹುಡುಗನೊಬ್ಬ ಕೆಲಸ ಮಾಡುತ್ತಾನೆ. ರೋಟೋದಲ್ಲಿ ಶುರು ಮಾಡಿದವನು ಈಗ ಕಾಂಪೋಸಿಟಿಂಗ್‌ಗೆ, ಅಂದರೆ ಬೇರೆ ಬೇರೆ ಚಿತ್ರಗಳನ್ನು ಒಂದೇ ಫ್ರೇಮಿಗೆ ಜೋಡಿಸುವ ಕೆಲಸಕ್ಕೆ ಬಂದಿದ್ದಾನೆ. "ಹಾರ್ಸೂಕೆ ಸುಲಭ ಮಾರಾಯ್ರೆ, ಇಳ್ಸೂದೇ ಕಷ್ಟ" ಅನ್ನುತ್ತಾನೆ. ತಮಾಷೆಯ ಮಾತಲ್ಲ. ಅವರ ಶಾಟ್ ವಾಪಸ್ ಬರುವುದು ಹೆಚ್ಚಾಗಿ ಒಂದೇ ದೂರಿಗೆ: ಹೀರೋಗೆ ಭಾರ ಇಲ್ಲ, ತೇಲಿದ ಹಾಗೆ ಕಾಣುತ್ತಾನೆ.

ಹಾರುವ ಮನುಷ್ಯನನ್ನು ಒಪ್ಪಿಕೊಂಡ ಪ್ರೇಕ್ಷಕ, ಅವನು ನೆಲಕ್ಕೆ ಕಾಲಿಡುವಾಗ ಯಾಕೆ ತಕರಾರು ತೆಗೆಯುತ್ತಾನೆ?

ಕಾಮಿಕ್ಸಿನ ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿದಾಗ ಹಾರುತ್ತಲೇ ಇರಲಿಲ್ಲ. ನೆಗೆಯುತ್ತಿದ್ದ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಲೆಕ್ಕ ಹಾಕಿದರೆ ಅದಕ್ಕೆ ನೆಲ ಬಿಡುವಾಗ ಗಂಟೆಗೆ 160 ಕಿಲೋಮೀಟರ್ ವೇಗ ಬೇಕು. ಅಸಾಧ್ಯ, ಆದರೆ ನೆಗೆತದ ದಾರಿ ಎಸೆದ ಕಲ್ಲಿನದೇ ದಾರಿ. ಹೈಸ್ಕೂಲ್ ಭೌತಶಾಸ್ತ್ರಕ್ಕೆ ಅದರಲ್ಲಿ ಜಗಳವಿಲ್ಲ. ಆಮೇಲೆ 1941ರಲ್ಲಿ ಅವನ ಕಾರ್ಟೂನು ತೆಗೆದದ್ದು ಫ್ಲೈಷರ್ ಸ್ಟುಡಿಯೋ. ನಿಜವಾದ ಮನುಷ್ಯನ ಫಿಲ್ಮನ್ನು ಗಾಜಿನ ಮೇಲೆ ಬಿಟ್ಟು, ಫ್ರೇಮ್ ಫ್ರೇಮಾಗಿ ಅದರ ಮೇಲೆ ಚಿತ್ರ ಬರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದವರು ಅದೇ ಸ್ಟುಡಿಯೋದ ಮ್ಯಾಕ್ಸ್ ಫ್ಲೈಷರ್, 1917ರಲ್ಲಿ. ಯಂತ್ರದ ಹೆಸರು ರೋಟೋಸ್ಕೋಪ್. ಮಲಾಡಿನ ಹುಡುಗರ ರೋಟೋ ಅಲ್ಲಿಂದ ಬಂದದ್ದು.

ಕ್ಯಾಮೆರಾ ಮುಂದೆ ನಿಜವಾದ ನಟನನ್ನು ನಂಬುವ ಹಾಗೆ ಹಾರಿಸಿದ್ದು 1978ರ ಸೂಪರ್‌ಮ್ಯಾನ್ ಸಿನಿಮಾ. ಕಂಪ್ಯೂಟರಿನ ಸಹಾಯ ಇಲ್ಲದ ಕಾಲ. ಅಲ್ಲಿ ಮಾಡಿದ ಚಮತ್ಕಾರ ನನಗೆ ಇವತ್ತಿನದಕ್ಕಿಂತ ಜಾಸ್ತಿ ಇಷ್ಟ.

ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ರಾತ್ರಿ ಹೋಗುವಾಗ ಹೆಡ್‌ಲೈಟ್ ಬಿದ್ದ ಬೋರ್ಡು ಧಗ್ ಅಂತ ಹೊಳೆಯುತ್ತದೆ, ಅಲ್ವಾ? ಅಂಥ ಹಲವು ಹಾಳೆಗಳಲ್ಲಿ ಸಣ್ಣ ಗಾಜಿನ ಮಣಿಗಳಿರುತ್ತವೆ. ಬಂದ ಬೆಳಕನ್ನು ಅವು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ಸಿನಿಮಾದಲ್ಲಿ ನಟನ ಹಿಂದೆ ಇದೇ ಜಾತಿಯ ದೊಡ್ಡ ಪರದೆ ಕಟ್ಟುತ್ತಿದ್ದರು. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಅರೆಗನ್ನಡಿ (ಅರ್ಧ ಬೆಳಕನ್ನು ಹಾಯಿಸಿ ಅರ್ಧವನ್ನು ಮರಳಿಸುವ ಗಾಜು) ಇಟ್ಟು, ಪಕ್ಕದ ಪ್ರೊಜೆಕ್ಟರಿನಿಂದ ಆಕಾಶದ ಚಿತ್ರವನ್ನು ಕ್ಯಾಮೆರಾದ ನೋಟದ ದಾರಿಯಲ್ಲೇ ಬಿಡುತ್ತಿದ್ದರು. ಪರದೆ ಆ ಬೆಳಕನ್ನೆಲ್ಲ ನೇರ ಕ್ಯಾಮೆರಾಗೆ ಮರಳಿಸುತ್ತದೆ. ನಟನ ಮೈಮೇಲೂ ಆಕಾಶ ಬೀಳುತ್ತದೆ, ಆದರೆ ಬಟ್ಟೆ ಬೆಳಕನ್ನು ಎಲ್ಲ ಕಡೆ ಚೆಲ್ಲಿಬಿಡುವುದರಿಂದ ಅದು ಕಾಣುವುದೇ ಇಲ್ಲ. ಅವನ ನೆರಳು ಸರಿಯಾಗಿ ಅವನ ಹಿಂದೆಯೇ ಅಡಗುತ್ತದೆ.

ಇಷ್ಟು ಹಳೆಯ ವಿದ್ಯೆ. ಇದಕ್ಕೆ ಜೋರಾನ್ ಪೆರಿಸಿಕ್ ಎಂಬ ತಂತ್ರಜ್ಞ ಒಂದೇ ಒಂದು ಸೇರಿಸಿದರು: ಕ್ಯಾಮೆರಾಗೂ ಪ್ರೊಜೆಕ್ಟರಿಗೂ ಝೂಮ್ ಲೆನ್ಸ್, ಎರಡೂ ಒಟ್ಟೊಟ್ಟಿಗೆ ತಿರುಗುವಂತೆ. ಕ್ಯಾಮೆರಾ ಝೂಮ್ ಮಾಡಿದಾಗ ಪರದೆಯ ಚಿತ್ರ ಅಷ್ಟೇ ಚಿಕ್ಕದಾಗುತ್ತದೆ. ಹಾಗಾಗಿ ಆಕಾಶ ಇದ್ದ ಹಾಗೇ ಇರುತ್ತದೆ, ನಟ ಮಾತ್ರ ದೊಡ್ಡದಾಗುತ್ತಾ ನಮ್ಮ ಕಡೆ ಬಂದಂತೆ ಕಾಣುತ್ತಾನೆ. ಪಾಪ, ಅವನು ಇದ್ದಲ್ಲೇ ನೇತಾಡುತ್ತಿರುತ್ತಾನೆ! ಆ ತಂಡಕ್ಕೆ ವಿಷುಯಲ್ ಎಫೆಕ್ಟ್ಸ್‌ಗಾಗಿ ವಿಶೇಷ ಆಸ್ಕರ್ ಸಿಕ್ಕಿತು.

ಈಗ ಹಸಿರು ಪರದೆಯ ಕಾಲ. ಪರದೆಯ ಬಣ್ಣ ಎಲ್ಲಿದೆಯೋ ಅಲ್ಲೆಲ್ಲ ಬೇರೆ ಚಿತ್ರ ತುಂಬಬಹುದು. ಹೀರೋ ಅಂಗಿಯಲ್ಲೂ ಅದೇ ಬಣ್ಣ ಇದ್ದರೆ ಅಂಗಿಯೂ ಮಾಯ. 2002ರ ಸ್ಪೈಡರ್‌ಮ್ಯಾನ್‌ನಲ್ಲಿ ಕೆಂಪು-ನೀಲಿ ಹೀರೋಗೆ ಹಸಿರು ಪರದೆ, ಹಸಿರು ವಿಲನ್‌ಗೆ ನೀಲಿ ಪರದೆ ಬೇಕಾಯಿತು.

ಚಿತ್ರ ಜೋಡಿಸುವುದು ಹೀಗೆ ಸಲೀಸಾದ ಮೇಲೂ ಭಾರದ ತಕರಾರು ಉಳಿದೇ ಇದೆ. ಕಾರಣ ನಮ್ಮ ತಲೆಯೊಳಗಿದೆ. 1998ರಲ್ಲಿ ನಾಸಾದ ನ್ಯೂರೋಲ್ಯಾಬ್ ಯಾನದಲ್ಲಿ ಗಗನಯಾತ್ರಿಗಳಿಗೆ ಮೇಲಿನಿಂದ ಬರುವ ಚೆಂಡು ಹಿಡಿಯುವ ಕೆಲಸ ಕೊಟ್ಟರು. ಭೂಮಿಯಲ್ಲಿ ಚೆಂಡು ಬೀಳಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ, ಅಲ್ಲಿ ಒಂದೇ ವೇಗದಲ್ಲಿ ಬರುತ್ತದೆ. ಕಣ್ಣಿಗೆ ಕಂಡರೂ ಕೈ ಕೇಳಲಿಲ್ಲ. ಸ್ನಾಯುಗಳು ಬೇಗನೆ ಬಿಗಿದುಕೊಂಡವು, ಚೆಂಡು ಭೂಮಿಯ ಲೆಕ್ಕದಲ್ಲಿ ಬರುತ್ತದೆ ಅಂತ. ದಿನಗಳು ಕಳೆದರೂ ಆ ಅಂದಾಜು ಪೂರ್ತಿ ಹೋಗಲಿಲ್ಲ. ಅಂದರೆ ಗುರುತ್ವವನ್ನು ಮಿದುಳು ಮೊದಲೇ ಲೆಕ್ಕಕ್ಕೆ ಇಟ್ಟುಕೊಂಡಿರುತ್ತದೆ.

ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿದ್ದು ಇನ್ನೂ ಮಜವಾಗಿದೆ. ಕತ್ತಲಲ್ಲಿ ಒಬ್ಬನ ಕೀಲುಗಳಿಗೆ ಮಾತ್ರ ಪುಟ್ಟ ದೀಪ ಕಟ್ಟಿ ನಡೆಸಿದರು. ಹತ್ತು-ಹನ್ನೆರಡು ಚುಕ್ಕಿ ಅಷ್ಟೇ. ನೋಡುವವರು ಕ್ಷಣದಲ್ಲಿ 'ಮನುಷ್ಯ ನಡೆಯುತ್ತಿದ್ದಾನೆ' ಅಂದರು. ಕೆಲ ವರ್ಷಗಳ ಮೇಲೆ ಅದೇ ದೇಶದ ಇನ್ನಿಬ್ಬರು, ಇಂಥ ಚುಕ್ಕಿಗಳನ್ನಷ್ಟೇ ನೋಡಿ ಜನ ಎತ್ತಿದ ಪೆಟ್ಟಿಗೆ ಎಷ್ಟು ಭಾರ ಅಂತಲೂ ಅಂದಾಜು ಮಾಡಬಲ್ಲರು ಎಂದು ತೋರಿಸಿದರು. ಪೆಟ್ಟಿಗೆ ಕಾಣುತ್ತಲೇ ಇಲ್ಲ! ಎತ್ತುವ ಮೊದಲು ಬೆನ್ನು ಹೇಗೆ ಸಿದ್ಧವಾಯಿತು, ಕಾಲು ಎಲ್ಲಿ ಊರಿತು ಎಂಬುದರಲ್ಲೇ ಭಾರ ಇದೆ. ಹೀರೋ ಒಂದೇ ಕೈಯಲ್ಲಿ ಬಸ್ಸು ಎತ್ತಲಿ, ನಮ್ಮದೇನೂ ಅಡ್ಡಿಯಿಲ್ಲ. ಎತ್ತುವಾಗ ಮೊಣಕಾಲು ಬಾಗದಿದ್ದರೆ ಥಿಯೇಟರಿನಲ್ಲಿ ನಗು ಕೇಳುತ್ತದೆ.

ಪುಟ್ಟ ಮಾದರಿಗಳೂ ಸಿಕ್ಕಿಬೀಳುವುದು ಹೀಗೇ. ನಿಜದ ಹದಿನಾರನೇ ಒಂದು ಪಾಲಿನ ಕಟ್ಟಡ ಕೆಡವಿದರೆ ಅದು ನಾಲ್ಕು ಪಟ್ಟು ಬೇಗ ಬಿದ್ದುಬಿಡುತ್ತದೆ. ಅದಕ್ಕೇ 24ರ ಬದಲು 96 ಫ್ರೇಮಿನ ವೇಗದಲ್ಲಿ ತೆಗೆದು ನಿಧಾನ ಮಾಡುತ್ತಾರೆ. ಕಟ್ಟಡಕ್ಕೆ ಇದು ಸಾಕು, ನೀರಿಗೆ ಸಾಲದು. ಹನಿಯ ಗಾತ್ರ ಮಾದರಿಯ ಜೊತೆ ಚಿಕ್ಕದಾಗುವುದಿಲ್ಲವಲ್ಲ. ಹಳೆಯ ಸಿನಿಮಾಗಳ ಒಡೆಯುವ ಅಣೆಕಟ್ಟುಗಳು ಆಟಿಕೆ ಅನ್ನಿಸಿಬಿಡುವುದು ಆ ದಪ್ಪ ಹನಿಗಳಿಂದ.

ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬರುತ್ತವೆ. ಮಾಟುಂಗಾ, ಕುರ್ಲಾದ ಹಾಲ್‌ಗಳಲ್ಲಿ ಯಕ್ಷಗಾನ. ಹನುಮಂತ ಸಮುದ್ರ ಹಾರುತ್ತಾನೆ: ನಾಲ್ಕು ಧೀಂಗಿಣ (ಗಿರಗಿರ ಸುತ್ತುವ ನೆಗೆತ), ಚೆಂಡೆಯ ಅಬ್ಬರ, ಭಾಗವತರ ಒಂದು ಪದ, ಲಂಕೆ ಬಂತು. ಹಗ್ಗವೂ ಇಲ್ಲ, ಪರದೆಯೂ ಇಲ್ಲ. ಯಾರೂ ತಕರಾರು ಮಾಡುವುದಿಲ್ಲ. ರಂಗಸ್ಥಳ 'ಇದು ಫೋಟೋ' ಅಂತ ಹೇಳಿಕೊಳ್ಳುವುದಿಲ್ಲ, ಹಾಗಾಗಿ ಮಿದುಳೂ ಆ ಲೆಕ್ಕಕ್ಕೆ ಇಳಿಯುವುದಿಲ್ಲ ಅನ್ನಿಸುತ್ತದೆ ನನಗೆ. ಸಿನಿಮಾ ಮಾತ್ರ ಪ್ರತಿ ಫ್ರೇಮಿನಲ್ಲೂ ನಿಜದ ಬೆಳಕು, ನಿಜದ ಧೂಳು, ನಿಜದ ನೆರಳು ಅಂತ ಸಾಕ್ಷಿ ಹೇಳುತ್ತದೆ. ಸಾಕ್ಷಿ ಹೇಳಿದ ಮೇಲೆ ಪಾಟೀಸವಾಲು ತಪ್ಪುವುದಿಲ್ಲ. ಗ್ರಾಫಿಕ್ಸ್‌ಗೆ ದುಡ್ಡು ಸುರಿದಷ್ಟೂ ನೋಡುವವನ ಕಣ್ಣು ಕಠಿಣವಾಗುತ್ತದೆ.

ಬೀಳುವವರನ್ನು ಹಿಡಿದು ನಿಲ್ಲಿಸುವುದರಲ್ಲೂ ಇದೇ ಭಾರದ ಲೆಕ್ಕ ಇದೆ ಅಂತ ಕಾಮಿಕ್ಸ್ ಬರೆಯುವವರು ಸಿನಿಮಾದವರಿಗಿಂತ ಮೊದಲೇ ಕಂಡುಕೊಂಡರು. ಇಪ್ಪತ್ತು ಮಹಡಿ, ಅಂದಾಜು 60 ಮೀಟರ್ ಮೇಲಿಂದ ಬಿದ್ದವರು ಮೂರೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾರೆ. ಆಗಿನ ವೇಗ ಗಂಟೆಗೆ 120 ಕಿಲೋಮೀಟರ್ ದಾಟಿರುತ್ತದೆ. ಹೀರೋ ಕೈಚಾಚಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದ ಅಂದುಕೊಳ್ಳಿ. ಮೈಮೇಲೆ ಬೀಳುವ ಒತ್ತಡ ಗುರುತ್ವದ ಸುಮಾರು 36 ಪಟ್ಟು. ಅದು ಕೈಗೆ ಬಿದ್ದದ್ದೋ ಫುಟ್‌ಪಾತಿಗೆ ಬಿದ್ದದ್ದೋ, ಬೆನ್ನೆಲುಬಿಗೆ ದೊಡ್ಡ ವ್ಯತ್ಯಾಸ ಇಲ್ಲ. 1973ರ ಒಂದು ಸ್ಪೈಡರ್‌ಮ್ಯಾನ್ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುವ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಹೀರೋ ಬಲೆ ಎಸೆದು ಹಿಡಿಯುತ್ತಾನೆ. ಅವಳ ಕತ್ತಿನ ಪಕ್ಕ 'ಸ್ನ್ಯಾಪ್' ಎಂದು ಚಿಕ್ಕದಾಗಿ ಬರೆದಿತ್ತು. ಆ ಸಂಚಿಕೆಗೆ ಓದುಗರು ಮಾಡಿದ ಗಲಾಟೆ ಅಷ್ಟಿಷ್ಟಲ್ಲ. ಈಗ ಸಿನಿಮಾದಲ್ಲಿ ಹೀರೋ ಬೀಳುವವರ ಜೊತೆ ತಾನೂ ಸ್ವಲ್ಪ ಕೆಳಗೆ ಹೋಗಿ, ಮೆಲ್ಲನೆ ನಿಧಾನ ಮಾಡಿದರೆ ಚೆನ್ನ. ಒಂದು ಸೆಕೆಂಡು ತೆಗೆದುಕೊಂಡರೂ ಒತ್ತಡ ನಾಲ್ಕೂವರೆ ಪಟ್ಟಿಗೆ ಇಳಿಯುತ್ತದೆ.

ಓಡುವ ರೈಲನ್ನು ಹೀರೋ ತಡೆದು ನಿಲ್ಲಿಸುವ ದೃಶ್ಯಕ್ಕೆ ಮುಂಬಯಿಯವರಷ್ಟು ಕಟ್ಟುನಿಟ್ಟಿನ ಪರೀಕ್ಷಕರು ಸಿಗುವುದು ಕಷ್ಟ. ಲೋಕಲ್ ರೈಲಿನಲ್ಲಿ ನಿಂತೇ ವಿರಾರಿಗೆ ಹೋಗುವವರಿಗೆ ಬ್ರೇಕು ಅಂದರೇನು ಅಂತ ಪಾದಕ್ಕೆ ಗೊತ್ತು. ಗಂಟೆಗೆ 80 ಕಿಲೋಮೀಟರಿನಲ್ಲಿರುವ ರೈಲನ್ನು ಐದು ಸೆಕೆಂಡಿನಲ್ಲಿ ನಿಲ್ಲಿಸಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಯಾರೂ ಬೀಳಬಾರದು ಅಂದರೆ 25 ಸೆಕೆಂಡು ಬೇಕು. ಅಷ್ಟರಲ್ಲಿ ಹೀರೋ ಸುಮಾರು 280 ಮೀಟರ್, ಹನ್ನೆರಡು ಡಬ್ಬಿಯ ಲೋಕಲ್ಲಿನ ಉದ್ದಕ್ಕಿಂತ ತುಸು ಜಾಸ್ತಿ, ಹಳಿಯ ಮೇಲೆ ಜಾರಿಕೊಂಡು ಹೋಗಿರುತ್ತಾನೆ. ಆರುನೂರು ಫ್ರೇಮ್ ಬರೀ ಜಾರುವ ಕಾಲು ತೋರಿಸಲು ಯಾವ ನಿರ್ದೇಶಕನೂ ಒಪ್ಪುವುದಿಲ್ಲ. ಹಾಗಾಗಿ ನಡುನಡುವೆ ಒಳಗಿನವರ ಮುಖಕ್ಕೆ ಕಟ್ ಮಾಡಿ ಹೊತ್ತು ಹಿಗ್ಗಿಸುತ್ತಾರೆ. ಮುಖಕ್ಕೆ ಕಟ್ ಮಾಡಿದಾಗ ಹಿಂದೆ ನೇತಾಡುವ ಹಿಡಿಕೆಗಳನ್ನು ನೋಡಿ. 25 ಸೆಕೆಂಡಿನ ಬ್ರೇಕಿಗೆ ಅವು ಐದು ಡಿಗ್ರಿ ಮುಂದಕ್ಕೆ ವಾಲಬೇಕು, ಐದು ಸೆಕೆಂಡಿನದಕ್ಕೆ 24 ಡಿಗ್ರಿ. ನೆಟ್ಟಗೆ ನೇತಾಡುತ್ತಿದ್ದರೆ ರೈಲು ಸೆಟ್‌ನಲ್ಲಿ ನಿಂತೇ ಇತ್ತು.